ಬೇಟೆಗೂ ಗಾಳಕ್ಕೂ ತೆರುವ ಹಣ

ಮಗನ ಮನೆಗೋ ಮಗಳ ಮನೆಗೋ ಎಂದು ಅಮೆರಿಕಾ ದೇಶಕ್ಕೆ ಹೋಗಿ ನಾಲ್ಕಾರು ತಿಂಗಳು ಇದ್ದು ಬರುವ ಗೃಹಸ್ಥರು ಈಗ ನಮ್ಮಲ್ಲಿ ವಿರಳರಲ್ಲ. ಅಂಥವರು ಅಲ್ಲಿನ ಕೆರೆಯ ದಂಡೆಯಲ್ಲಿ ಅಡ್ಡಾಡುವಾಗ, ಗಾಳ ಹಿಡಿದು ತೆಪ್ಪಗೆ ಕುಳಿತವರನ್ನು ಕಂಡು, ತಾವೂ ಒಂದು ಗಳಿಗೆ ಕುಳಿತರಾಯಿತು ಎಂದುಕೊಳ್ಳುವುದು ಸಹಜ. ಆದರೆ ಆ ದೇಶದ ಬಹುಮಟ್ಟಿಗೆ ಎಲ್ಲ ಸಂಸ್ಥಾನಗಳಲ್ಲಿಯೂ ಗಾಳವನ್ನು ನೀರಿಗೆ ಇಳಿಬಿಡುವ ಮೊದಲು ಲೈಸೆನ್ಸು ಪಡೆದಿರಬೇಕು. ಹಿಡಿದ ಮೀನನ್ನು ಮರಳಿ ನೀರಿಗೇ ಬಿಡುತ್ತೇನೆಂದು ಹೇಳಿದರೂ ಸಾಮಾನ್ಯವಾಗಿ ಅದು ತಪ್ಪದು. ಲೈಸೆನ್ಸಿಲ್ಲದವನಿಗೆ ದಂಡ. ಜಿಂಕೆಯ ಬೇಟೆಗಂತೂ ಒಂದು ಚೀಟಿಯ ಮೇಲೆ ಮತ್ತೊಂದು ಚೀಟಿ. ಇದನ್ನು ಕೇಳಿದೊಡನೆಯೇ ನಮ್ಮವರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುವುವು. ಹರಿಯುವ ನೀರಿನಲ್ಲಿ ತಾನಾಗಿ ಹುಟ್ಟಿದ ಮೀನಿಗೆ ಸರ್ಕಾರವು ಯಾವ ನ್ಯಾಯದಿಂದ ಹಣ ಕೇಳುತ್ತದೆ? ಕೇಳುವುದೇ ಆದರೆ, ಸ್ಥಳೀಯನಿಗೆ ಒಂದು ದರ, ಪರಸ್ಥಳದವನಿಗೆ ಅದರ ಹತ್ತುಪಟ್ಟು ಇಪ್ಪತ್ತುಪಟ್ಟು ಎಂಬ ಭೇದವೇಕೆ?

ಈ ಪ್ರಶ್ನೆಗಳು ಬರಿಯ ಕುತೂಹಲದವಲ್ಲ. ಕಾಡನ್ನೂ ಹೊಳೆಯನ್ನೂ ಕಾಯುವ ಖರ್ಚನ್ನು ಯಾರು ಹೊರಬೇಕೆಂಬ ದೊಡ್ಡ ವಿಚಾರವು ಇವುಗಳ ಹಿಂದೆ ಅಡಗಿರುವುದು. ಬೇಟೆಯೇ ನಿಷಿದ್ಧವಾಗಿರುವ ನಮ್ಮ ನಾಡಿಗೂ ಅದು ಅನ್ವಯಿಸುವುದು. ಆದುದರಿಂದ ವಾಚಕರು ಈ ಲೆಕ್ಕವನ್ನು ಸ್ವಲ್ಪ ತಾಳ್ಮೆಯಿಂದ ಪರಿಶೀಲಿಸಬೇಕೆಂದು ಕೋರುವೆವು.

ಕಾಡುಮೃಗವು ಯಾರ ಸೊತ್ತು?

ಇಂಗ್ಲೆಂಡಿನಲ್ಲಿ ಬೇಟೆಯು ಬಹುಕಾಲದಿಂದ ದೊರೆಗಳ ಮತ್ತು ಭೂಮಾಲಿಕರ ಹಕ್ಕಾಗಿತ್ತು. ಜಮೀನುದಾರನ ತೋಪಿನಲ್ಲಿ ಮೊಲವನ್ನು ಹಿಡಿದ ಬಡವನು ಕಠಿನ ಶಿಕ್ಷೆಗೆ ಗುರಿಯಾಗುತ್ತಿದ್ದನು. ಅಲ್ಲಿಂದ ವಲಸೆ ಹೋಗಿ ಅಮೆರಿಕಾದಲ್ಲಿ ನೆಲಸಿದ ಜನರು ಈ ಕಟ್ಟಳೆಯನ್ನು ಒಪ್ಪಲಿಲ್ಲ. ಕಾಡಿನ ಮೃಗವೂ ಹೊಳೆಯ ಮೀನೂ ಒಬ್ಬೊಬ್ಬರ ಸೊತ್ತಲ್ಲ, ಸಮಸ್ತ ಜನರ ಸೊತ್ತು, ಸರ್ಕಾರವು ಜನರ ಪರವಾಗಿ ಅದನ್ನು ಕಾಯುವ ಧರ್ಮದರ್ಶಿ ಮಾತ್ರ ಎಂಬ ಭಾವನೆಯು ಅಲ್ಲಿ ಬೇರೂರಿತು. 1896ರಲ್ಲಿ ಅಲ್ಲಿನ ಅತ್ಯುಚ್ಚ ನ್ಯಾಯಾಲಯವು ಕನೆಕ್ಟಿಕಟ್ ಸಂಸ್ಥಾನದ ಒಂದು ಮೊಕದ್ದಮೆಯಲ್ಲಿ ಈ ಭಾವನೆಯನ್ನೇ ಎತ್ತಿಹಿಡಿಯಿತು. 1979ರಲ್ಲಿ ಅದೇ ನ್ಯಾಯಾಲಯವು ಸರ್ಕಾರವನ್ನು ಮೃಗಗಳ ಒಡೆಯನೆಂದು ಕರೆಯುವುದನ್ನು ಕೈಬಿಟ್ಟಿತಾದರೂ, ಅವುಗಳನ್ನು ರಕ್ಷಿಸುವ ಅಧಿಕಾರವನ್ನು ಮಾತ್ರ ಸಂಸ್ಥಾನಗಳಿಗೇ ಉಳಿಸಿತು.

ಆದರೆ ಎಲ್ಲರ ಸೊತ್ತಾದುದು ಯಾರೂ ಕಾಯದ ಸೊತ್ತಾಗುವುದು ಲೋಕರೂಢಿ. ಊರ ಗೋಮಾಳದ ಗತಿಯನ್ನು ಕಂಡಿರುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಮೆರಿಕಾದಲ್ಲಿ ಕಾಡುಮಾಂಸವೂ ತೊಗಲೂ ಹಕ್ಕಿಗರಿಯೂ ಪೇಟೆಯ ಸರಕುಗಳಾದುವು. ರೈಲುಗಾಡಿಯು ಅವನ್ನು ದೂರದ ಪಟ್ಟಣಗಳಿಗೆ ಸಾಗಿಸಿತು. ಕೋಟ್ಯಂತರವಾಗಿದ್ದ ಬೈಸನ್ ಎಂಬ ಕಾಡುಕೋಣಗಳು 1890ರ ಹೊತ್ತಿಗೆ ಸಾವಿರದ ಆಸುಪಾಸಿಗೆ ಇಳಿದುವು. ಹಾರಿದರೆ ಆಕಾಶವೇ ಮುಚ್ಚಿಹೋಗುವಷ್ಟಿದ್ದ ವಲಸೆಪಾರಿವಾಳಗಳಲ್ಲಿ ಕಟ್ಟಕಡೆಯ ಹಕ್ಕಿಯು 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ನಗರದ ಮೃಗಾಲಯದಲ್ಲಿ ಸತ್ತಿತು. ಒಂದು ಜಾತಿಯ ಜೀವಿಯು ಭೂಮಿಯಿಂದ ಮರೆಯಾದ ದಿನವನ್ನು ಹೀಗೆ ಗುರುತಿಟ್ಟು ಹೇಳಬಹುದಾದ ಸಂದರ್ಭಗಳು ಅಪೂರ್ವ.

ಜನರು ಎಚ್ಚೆತ್ತುಕೊಂಡರು. ಒಂದು ಸಂಸ್ಥಾನದಲ್ಲಿ ಕಾನೂನು ಮೀರಿ ಕೊಂದ ಪ್ರಾಣಿಯನ್ನು ಮತ್ತೊಂದು ಸಂಸ್ಥಾನಕ್ಕೆ ಸಾಗಿಸಕೂಡದೆಂದು 1900ರಲ್ಲಿ ಶಾಸನವಾಯಿತು. ವಲಸೆಹಕ್ಕಿಗಳ ರಕ್ಷಣೆಗಾಗಿ 1918ರಲ್ಲಿ ಇನ್ನೊಂದು ಶಾಸನವಾಯಿತು. ಆದರೆ ಶಾಸನವನ್ನು ಬರೆದಿಟ್ಟ ಮಾತ್ರಕ್ಕೆ ಕಾಡು ಉಳಿಯುವುದೆ? ಕಾವಲುಗಾರನಿಗೆ ಸಂಬಳ ಬೇಕು. ಮೃಗಗಳನ್ನು ಎಣಿಸುವ ಪಂಡಿತರು ಬೇಕು. ಮೀನುಮರಿಗಳನ್ನು ಸಾಕಿ ಕೆರೆಗೆ ಬಿಡುವ ತೊಟ್ಟಿಗಳು ಬೇಕು. ಹಕ್ಕಿ ತಂಗುವ ಜೌಗುನೆಲವನ್ನು ಕೊಂಡು ಕಾಪಾಡಬೇಕು. ಈ ಹಣವನ್ನು, ಕಾಡಿನಿಂದಲೂ ನೀರಿನಿಂದಲೂ ತೆಗೆದುಕೊಳ್ಳುವವನೇ ಮೊದಲು ಕೊಡಲಿ ಎಂಬ ವಿಧಿಯು ಬಳಕೆಗೆ ಬಂದಿತು. ಲೈಸೆನ್ಸಿನ ಹಣವೆಂಬುದು ಇದೇ. ಅದು ಮೀನಿನ ಬೆಲೆಯಲ್ಲ, ಮೀನಿನ ಸಂತತಿಯನ್ನು ಉಳಿಸುವ ಖರ್ಚಿನ ಒಂದು ಪಾಲು. ಒಂದು ಮೀನೂ ಸಿಕ್ಕದೆ ಬರಿಗೈಯಲ್ಲಿ ಮರಳಿದವನಿಗೆ ಹಣ ಹಿಂದಕ್ಕೆ ಬಾರದಿರುವುದೂ ಇದರಿಂದಲೇ.

ಚೀಟಿಯ ಮೇಲೆ ಚೀಟಿ

ಪತ್ರಿಕೆಯಲ್ಲಿ ಇಂತಿಷ್ಟು ಡಾಲರು ಎಂದು ಓದಿ ಹೋದವನು ಅಂಗಡಿಯಲ್ಲಿ ಅದರ ಎರಡುಮೂರುಪಟ್ಟು ತೆರಬೇಕಾಗಿ ಬಂದು ಬೆರಗಾಗುವುದುಂಟು. ಈ ಲೆಕ್ಕವು ಮಹಡಿಯ ಮನೆಯಂತೆ ಒಂದರ ಮೇಲೊಂದಾಗಿ ಏರುವುದು. ತಳದಲ್ಲಿರುವುದು ಮೂಲ ಲೈಸೆನ್ಸು. ಮೀನಿಗೆ ಬೇರೆ, ಬೇಟೆಗೆ ಬೇರೆ. ಒಂದು ದಿನಕ್ಕೆ, ಕೆಲವು ದಿನಗಳಿಗೆ, ಒಂದು ವರ್ಷಕ್ಕೆ, ಕೆಲವೆಡೆ ಆಜೀವಪರ್ಯಂತವೂ ದೊರೆಯುವುದು. ಅದರ ಮೇಲೆ ಆಯಾ ಪ್ರಾಣಿಯ ಚೀಟಿ. ಇದನ್ನು ಟ್ಯಾಗ್ ಎನ್ನುವರು. ಜಿಂಕೆಗೊಂದು, ಕರಡಿಗೊಂದು, ಎಲ್ಕ್ ಎಂಬ ನಮ್ಮ ಕಡವೆಯನ್ನು ಹೋಲುವ ದೊಡ್ಡ ಮೃಗಕ್ಕೊಂದು. ಒಂದು ಚೀಟಿಗೆ ಒಂದೇ ಪ್ರಾಣಿ. ಅದು ಬಿದ್ದೊಡನೆ ಚೀಟಿಯನ್ನು ಅದಕ್ಕೇ ಕಟ್ಟಬೇಕು. ಟ್ರೌಟ್ ಮೀನು ಹಿಡಿಯುವವನು ಅನೇಕ ಸಂಸ್ಥಾನಗಳಲ್ಲಿ ಇನ್ನೊಂದು ಹೆಚ್ಚಿನ ಚೀಟಿಯನ್ನು ಕೊಳ್ಳಬೇಕು. ಹದಿನಾರು ವರ್ಷ ತುಂಬಿದ ಯಾವನೇ ಆಗಲಿ ಕಾಡುಬಾತನ್ನು ಹೊಡೆಯಬೇಕಾದರೆ ಕೇಂದ್ರ ಸರ್ಕಾರದ ಡಕ್ ಸ್ಟಾಂಪನ್ನು ಇಟ್ಟುಕೊಂಡಿರಬೇಕು. 1934ರಲ್ಲಿ 1 ಡಾಲರಾಗಿದ್ದ ಅದರ ಬೆಲೆಯು 2015ರಲ್ಲಿ 25 ಡಾಲರಿಗೆ ಏರಿತು.

ಕೆಲವು ಮೃಗಗಳಿಗಂತೂ ಹಣವಿದ್ದರೂ ಚೀಟಿ ಸಿಕ್ಕದು. ಈ ವರ್ಷ ಈ ಬೆಟ್ಟದಲ್ಲಿ ಇಷ್ಟೇ ಮೃಗಗಳನ್ನು ಹೊಡೆಯಬಹುದೆಂದು ಅಧಿಕಾರಿಗಳು ಎಣಿಸಿ ಗೊತ್ತುಮಾಡುವರು; ಕೇಳುವವರು ಹೆಚ್ಚಾದರೆ ಲಾಟರಿ ಎತ್ತುವರು. ಹೆಸರು ಬಾರದಿದ್ದರೂ ಅರ್ಜಿಯ ಹಣವು ಅನೇಕ ಕಡೆ ಹಿಂದಿರುಗದು. ಲೈಸೆನ್ಸು ಪರರ ಜಮೀನನ್ನು ಹೊಗಲು ಅಪ್ಪಣೆಯೂ ಅಲ್ಲ. ಟೆಕ್ಸಾಸಿನಂತೆ ನೆಲದ ಬಹುಭಾಗವು ಖಾಸಗಿಯವರ ಕೈಯಲ್ಲಿರುವ ಸಂಸ್ಥಾನಗಳಲ್ಲಿ, ಸರ್ಕಾರಕ್ಕೆ ಕೊಡುವುದಕ್ಕಿಂತ ಎಷ್ಟೋ ಹೆಚ್ಚಿನ ಹಣವನ್ನು ಜಮೀನಿನವನಿಗೆ ಕೊಡಬೇಕಾಗುವುದು.

ಬೇಟೆಯ ಗೊಡವೆಗೆ ಹೋಗದೆ ಕೆರೆಯ ದಂಡೆಯಲ್ಲಿ ಕುಳಿತುಕೊಳ್ಳಬಯಸುವ ನಮ್ಮ ಹಿರಿಯರಿಗೆ ಉಪಯೋಗವಾಗುವ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬಹುದು. ಮಕ್ಕಳಿಗೆ ಬಹುತೇಕ ಸಂಸ್ಥಾನಗಳಲ್ಲಿ ಮೀನಿನ ಲೈಸೆನ್ಸು ಬೇಡ. ಸಾಮಾನ್ಯವಾಗಿ ಹದಿನಾರು ವರ್ಷದವರೆಗೆ ಈ ವಿನಾಯಿತಿಯುಂಟು. ಆದರೆ ಮೊಮ್ಮಗನು ನೀಡಿದ ಗಾಳವನ್ನು ತಾತನು ಹಿಡಿದೊಡನೆ ತಾತನಿಗೆ ಲೈಸೆನ್ಸು ಬೇಕಾಗುವುದು. ವೃದ್ಧರಿಗೆ ರಿಯಾಯಿತಿ ಇದ್ದರೂ ಅದು ಸಾಮಾನ್ಯವಾಗಿ ಆ ಸಂಸ್ಥಾನದ ನಿವಾಸಿಗಳಿಗೆ ಮಾತ್ರ. ನೋಡಲು ಬಂದವರಿಗೆ ಒಂದು ದಿನದ ಲೈಸೆನ್ಸೇ ಮಿತವ್ಯಯದ್ದು. ಅನೇಕ ಸಂಸ್ಥಾನಗಳಲ್ಲಿ ಜೂನ್ ತಿಂಗಳ ಮೊದಲ ವಾರದ ಸುಮಾರಿಗೆ ಒಂದೆರಡು ದಿನ ಲೈಸೆನ್ಸಿಲ್ಲದೆಯೇ ಗಾಳ ಹಾಕಲು ಎಲ್ಲರಿಗೂ ಅನುಮತಿಯುಂಟು. ವರ್ಷದ ಲೈಸೆನ್ಸನ್ನು ಕೊಳ್ಳುವವರು ಅದು ಎಂದಿಗೆ ಮುಗಿಯುವುದೆಂದು ಕೇಳಿಕೊಳ್ಳಬೇಕು. ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಅದು ಕೊಂಡ ದಿನದಿಂದ 365 ದಿನ ನಡೆಯುವುದು. ಅದಕ್ಕೆ ಹಿಂದೆ ಡಿಸೆಂಬರಿನ ಕೊನೆಗೇ ಮುಗಿಯುತ್ತಿದ್ದುದರಿಂದ, ವರ್ಷದ ಕೊನೆಯಲ್ಲಿ ಕೊಂಡವನಿಗೆ ನಷ್ಟವಾಗುತ್ತಿತ್ತು.

ಸ್ಥಳೀಯನೂ ಪರಸ್ಥಳದವನೂ

ಇನ್ನು ದರದ ಭೇದ. ಅಲಾಸ್ಕಾ ಸಂಸ್ಥಾನದಲ್ಲಿ 2017ರಿಂದ ನಡೆದುಬಂದ ದರಗಳನ್ನು ನೋಡಿದರೆ, ಬೇಟೆಯ ಮೂಲ ಲೈಸೆನ್ಸಿಗೆ ಅಲ್ಲಿನ ನಿವಾಸಿಯು 45 ಡಾಲರನ್ನೂ ಪರಸಂಸ್ಥಾನದವನು 160 ಡಾಲರನ್ನೂ ತೆರಬೇಕು. ಪರಸಂಸ್ಥಾನದವನು ಮೂಸ್ ಎಂಬ ಭಾರಿ ಮೃಗವನ್ನು ಹೊಡೆಯಲು ಇನ್ನೂ 800, ಕಂದು ಕರಡಿಗೆ ಇನ್ನೂ 1,000 ಡಾಲರುಗಳ ಚೀಟಿಯನ್ನು ಪಡೆಯಬೇಕು. ಇದು ಅನ್ಯಾಯವೆಂದು ತಕರಾರು ಎತ್ತಿದವರು ಇಲ್ಲದಿಲ್ಲ. ಆ ದೇಶದ ಅತ್ಯುಚ್ಚ ನ್ಯಾಯಾಲಯವು ಇಂಥ ಎರಡು ಮೊಕದ್ದಮೆಗಳಲ್ಲಿ ಎರಡು ಬಗೆಯಾಗಿ ತೀರ್ಪು ಕೊಟ್ಟಿರುವುದು ವಿಚಾರಾರ್ಹವಾಗಿದೆ.

ಮೊದಲನೆಯದು 1948ರ ತೀರ್ಪು. ದಕ್ಷಿಣ ಕೆರೊಲೈನಾ ಸಂಸ್ಥಾನವು ಸಿಗಡಿ ಹಿಡಿಯುವ ದೋಣಿಗಳಲ್ಲಿ ಸ್ಥಳೀಯರ ಪ್ರತಿಯೊಂದು ದೋಣಿಗೆ 25 ಡಾಲರನ್ನೂ, ಪರಸಂಸ್ಥಾನದವರ ದೋಣಿಗೆ 2,500 ಡಾಲರನ್ನೂ ವಿಧಿಸಿತ್ತು. ನೆರೆಯ ಜಾರ್ಜಿಯಾದ ಬೆಸ್ತರು ನ್ಯಾಯಾಲಯದ ಬಾಗಿಲನ್ನು ತಟ್ಟಿದರು. ನೂರುಪಟ್ಟು ಸುಂಕವೆಂದರೆ ಬಾಗಿಲು ಮುಚ್ಚಿದಂತೆಯೇ. ಒಬ್ಬನ ಜೀವನೋಪಾಯಕ್ಕೆ ಹೀಗೆ ಅಡ್ಡಬರಲಾಗದೆಂದು ನ್ಯಾಯಾಲಯವು ಆ ದರವನ್ನು ತಳ್ಳಿಹಾಕಿತು.

ಎರಡನೆಯದು 1978ರದು. ಮೊಂಟಾನಾ ಸಂಸ್ಥಾನದಲ್ಲಿ 1976ರ ಬೇಟೆಗಾಲದಲ್ಲಿ ಎಲ್ಕ್ ಮೃಗಕ್ಕೆ ನಿವಾಸಿಯು 9 ಡಾಲರಿನ ಲೈಸೆನ್ಸನ್ನು ಪಡೆದರೆ ಸಾಕಾಗಿತ್ತು. ಪರಸಂಸ್ಥಾನದವನು ಮಾತ್ರ 225 ಡಾಲರು ಕೊಟ್ಟು ಹಲವು ಪ್ರಾಣಿಗಳ ಸಂಯುಕ್ತ ಲೈಸೆನ್ಸನ್ನೇ ಕೊಳ್ಳಬೇಕಾಗಿತ್ತು. ಇಲ್ಲಿಯೂ ಇಪ್ಪತ್ತೈದುಪಟ್ಟು ಭೇದವಿತ್ತಾದರೂ ನ್ಯಾಯಾಲಯವು ಆ ದರವನ್ನು ಎತ್ತಿಹಿಡಿಯಿತು. ಪರಸಂಸ್ಥಾನದವನಿಗೆ ಎಲ್ಕಿನ ಬೇಟೆಯು ವಿನೋದ, ಹೊಟ್ಟೆಪಾಡಲ್ಲ. ಮೃಗಗಳ ಸಂಖ್ಯೆಯು ಪರಿಮಿತವಾದುದು. ನಿವಾಸಿಗಳು ತಮ್ಮ ಇತರ ತೆರಿಗೆಗಳಿಂದ ಆ ಮೃಗಗಳ ಪೋಷಣೆಗೆ ಈಗಾಗಲೇ ನೆರವಾಗಿರುವರು. ಇವೇ ಮುಖ್ಯವಾದ ಕಾರಣಗಳು. ಅನ್ನಕ್ಕಾಗಿ ನೀರಿಗೆ ಇಳಿಯುವವನನ್ನು ಒಂದು ತಕ್ಕಡಿಯಲ್ಲಿಯೂ, ಹೊತ್ತು ಕಳೆಯಲು ಇಳಿಯುವವನನ್ನು ಬೇರೊಂದು ತಕ್ಕಡಿಯಲ್ಲಿಯೂ ತೂಗಬೇಕೆಂಬ ವಿವೇಕವನ್ನು ಈ ಎರಡು ತೀರ್ಪುಗಳಲ್ಲಿ ಕಾಣಬಹುದು. ಹೆಚ್ಚು ದರವನ್ನು ತೆರುವ ಪ್ರವಾಸಿಯು ಮೋಸಹೋದವನೇನೂ ಅಲ್ಲ. ಸ್ಥಳೀಯನು ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಕೊಡುವುದನ್ನು ಅವನು ಒಂದೇ ಸಲ ಕೊಡುವನು, ಅಷ್ಟೆ.

ಹಣವು ಹೋಗುವ ದಾರಿ

ಸರ್ಕಾರಕ್ಕೆ ಕೊಟ್ಟ ಹಣವು ಯಾವ ತೂಬಿನಿಂದ ಯಾವ ಗದ್ದೆಗೆ ಹರಿಯಿತೆಂದು ತಿಳಿಯದಿರುವುದೇ ಜನರಿಗೆ ತೆರಿಗೆಯ ಮೇಲಿರುವ ಬೇಸರಕ್ಕೆ ಮುಖ್ಯ ಕಾರಣ. ಅಮೆರಿಕಾದ ಈ ಏರ್ಪಾಡಿನ ಹೆಚ್ಚಳವು ಇಲ್ಲಿಯೇ ಇದೆ. ಡಕ್ ಸ್ಟಾಂಪಿನಿಂದ ಬರುವ ಪ್ರತಿಯೊಂದು ಡಾಲರಿನಲ್ಲಿ 98 ಸೆಂಟುಗಳು ಜೌಗುನೆಲಗಳನ್ನು ಪಡೆದು ಕಾಪಾಡುವುದಕ್ಕೆ ಸಲ್ಲುವುವು. 1934ರಿಂದ ಈಚೆಗೆ ಹೀಗೆ ಉಳಿದ ನೆಲವು 60 ಲಕ್ಷ ಎಕರೆಗೆ ಮೀರಿರುವುದು. ಕೋವಿಯನ್ನು ಮುಟ್ಟದವರೂ ಹಕ್ಕಿಗಳ ಮೇಲಿನ ಪ್ರೀತಿಯಿಂದ ಈ ಸ್ಟಾಂಪನ್ನು ಕೊಳ್ಳುವುದುಂಟು.

1937ರಲ್ಲಿ, ದೇಶವೆಲ್ಲ ಹಣದ ಮುಗ್ಗಟ್ಟಿನಿಂದ ತತ್ತರಿಸುತ್ತಿದ್ದಾಗ, ಪಿಟ್‌ಮನ್-ರಾಬರ್ಟ್‌ಸನ್ ಶಾಸನವು ಜಾರಿಗೆ ಬಂದಿತು. ಬೇಟೆಯ ಕೋವಿ ಮತ್ತು ಮದ್ದುಗುಂಡುಗಳ ಮೇಲೆ ತಯಾರಕರು ತೆರುವ ನೂರಕ್ಕೆ 11ರ ಸುಂಕವನ್ನು ಈ ಶಾಸನವು ವನ್ಯಪ್ರಾಣಿಗಳ ಪುನರುದ್ಧಾರಕ್ಕೆಂದೇ ಮೀಸಲಿಟ್ಟಿತು. ಸಂಸ್ಥಾನವು ಒಂದು ಕೆಲಸಕ್ಕೆ 25 ಡಾಲರು ಹಾಕಿದರೆ ಈ ನಿಧಿಯಿಂದ 75 ಡಾಲರು ಬರುವುದು. ನಿಧಿಯನ್ನು ಹಂಚುವಾಗ ಅರ್ಧಭಾಗವನ್ನು ಸಂಸ್ಥಾನದ ವಿಸ್ತಾರವನ್ನು ನೋಡಿಯೂ, ಉಳಿದರ್ಧವನ್ನು ಹಣ ಕೊಟ್ಟು ಲೈಸೆನ್ಸು ಪಡೆದ ಬೇಟೆಗಾರರ ಸಂಖ್ಯೆಯನ್ನು ನೋಡಿಯೂ ಕೊಡುವರು. ಆದುದರಿಂದ ಲೈಸೆನ್ಸು ಕೊಂಡ ಒಬ್ಬೊಬ್ಬನೂ ತಾನು ಕೊಟ್ಟ ಹಣದ ಜೊತೆಗೆ ತನ್ನ ತಲೆಯೆಣಿಕೆಯಿಂದಲೂ ಸಂಸ್ಥಾನಕ್ಕೆ ಲಾಭ ತರುವನು. 1950ರಲ್ಲಿ ಗಾಳ, ದಾರ, ಕೋಲು ಮುಂತಾದ ಮೀನಿನ ಸಲಕರಣೆಗಳ ಸುಂಕವನ್ನೂ ಇದೇ ರೀತಿಯಾಗಿ ಮೀನುಗಳ ವೃದ್ಧಿಗೆ ಮೀಸಲಿಟ್ಟರು.

ಈ ಶಾಸನಗಳಲ್ಲಿ ಒಂದು ಕಟ್ಟುನಿಟ್ಟಾದ ಷರತ್ತು ಅಡಗಿದೆ. ಲೈಸೆನ್ಸಿನ ಹಣವನ್ನು ರಸ್ತೆಗೋ ಕಟ್ಟಡಕ್ಕೋ ಬೇರೆ ಯಾವುದಕ್ಕೋ ತಿರುಗಿಸುವ ಸಂಸ್ಥಾನಕ್ಕೆ ಕೇಂದ್ರದ ಪಾಲು ತಪ್ಪಿಹೋಗುವುದು. ದೇವಸ್ಥಾನದ ಹುಂಡಿಯ ಹಣವು ದೀಪಾರಾಧನೆಗೇ ಸಲ್ಲಬೇಕೆಂದು ಹಿರಿಯರು ಕಟ್ಟುಮಾಡಿದಂತೆ ಇದು. ಒಂದು ಕಾಲಕ್ಕೆ ಅಪರೂಪವಾಗಿದ್ದ ಜಿಂಕೆಗಳೂ ಕಾಡು ಟರ್ಕಿಕೋಳಿಗಳೂ ಅಲ್ಲಿ ಮರಳಿ ಹೆಚ್ಚಿದುದಕ್ಕೆ ಈ ಹಣವು ಬಹುವಾಗಿ ನೆರವಾಯಿತು.

ಬತ್ತುತ್ತಿರುವ ಒರತೆ

ಕೊಲ್ಲುವವನ ಹಣದಿಂದಲೇ ಕಾಯುವುದು ವಿಪರೀತವಲ್ಲವೇ ಎಂದು ಅಹಿಂಸಾಪರರಾದ ವಾಚಕರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಬೇಟೆಯನ್ನು ಒಪ್ಪುವವರಿಗೂ ಈ ಏರ್ಪಾಡಿನ ಒಂದು ದೌರ್ಬಲ್ಯವು ಈಗ ಸ್ಪಷ್ಟವಾಗುತ್ತಿದೆ. ಸರ್ಕಾರದ ಗಣತಿಯಂತೆ 1991ರಲ್ಲಿ 1 ಕೋಟಿ 41 ಲಕ್ಷದಷ್ಟಿದ್ದ ಬೇಟೆಗಾರರು 2016ರಲ್ಲಿ 1 ಕೋಟಿ 15 ಲಕ್ಷಕ್ಕೆ ಇಳಿದರು. ಅದೇ 2016ರಲ್ಲಿ ಗಾಳ ಹಾಕಿದವರು 3 ಕೋಟಿ 58 ಲಕ್ಷ. ಹಕ್ಕಿಯನ್ನೂ ಮೃಗವನ್ನೂ ಬರಿಗಣ್ಣಿನಿಂದ ನೋಡಿ ಸಂತೋಷಪಟ್ಟವರು 8 ಕೋಟಿ 60 ಲಕ್ಷ! ನೋಡುವವರು ಎಷ್ಟೋ ಮಡಿ ಹೆಚ್ಚಾದರೂ ಅವರು ಲೈಸೆನ್ಸು ಕೊಳ್ಳುವವರಲ್ಲ. ಕೊಡುವವರು ಕಡಮೆಯಾದಂತೆ ಉಳಿದವರ ದರವನ್ನು ಏರಿಸಬೇಕು. ದರ ಏರಿದರೆ ಇನ್ನಷ್ಟು ಮಂದಿ ಬಿಟ್ಟುಹೋಗುವರು. ಕಾಡಿನ ಕಾವಲು ಮಾತ್ರ ನಿಲ್ಲುವಂತಿಲ್ಲ.

ಮಿಸ್ಸೂರಿ ಸಂಸ್ಥಾನದ ಜನರು ಇದಕ್ಕೆ ಒಂದು ಪರಿಹಾರವನ್ನು ಬಹಳ ಹಿಂದೆಯೇ ಕಂಡುಕೊಂಡರು. 1976ರಲ್ಲಿ ಅವರು ಮತ ಹಾಕಿ, ತಾವು ಕೊಳ್ಳುವ ಸಾಮಾನುಗಳ ಮೇಲೆ ನೂರಕ್ಕೆ ಎಂಟರಲ್ಲೊಂದು ಪಾಲಿನ ತೆರಿಗೆಯನ್ನು ವನ್ಯಸಂರಕ್ಷಣೆಗೆಂದು ತಾವೇ ಹಾಕಿಕೊಂಡರು. ಎಂಟು ಡಾಲರಿನ ವ್ಯಾಪಾರಕ್ಕೆ ಒಂದು ಸೆಂಟು. ಯಾರ ಮನೆಯ ಖರ್ಚಿಗೂ ಇದು ಭಾರವಾಗಲಾರದು. ಆದರೆ ಕಾಡು ಎಲ್ಲರದೆಂದು ಬಾಯಲ್ಲಿ ಹೇಳುವುದನ್ನು ಅಲ್ಲಿನ ಗೃಹಿಣಿಯು ಅಂಗಡಿಯ ಲೆಕ್ಕದ ಚೀಟಿಯಲ್ಲಿ ನಿಜ ಮಾಡಿ ತೋರಿಸುತ್ತಿರುವಳು.

ನಮ್ಮ ನಾಡಿನ ಲೆಕ್ಕ

ನಮ್ಮಲ್ಲಿಯೂ ಬೇಟೆಯ ಕಟ್ಟಳೆಗಳು ಹೊಸವಲ್ಲ. ನೀಲಗಿರಿಯಲ್ಲಿ 1879ರಲ್ಲಿಯೂ, ಮೈಸೂರು ಸಂಸ್ಥಾನದಲ್ಲಿ 1901ರಲ್ಲಿಯೂ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ಸಂರಕ್ಷಣೆಗಾಗಿ ಶಾಸನಗಳಾದುವು. ಡೈನಮೈಟು ಸಿಡಿಸಿಯೂ ವಿಷ ಹಾಕಿಯೂ ಮೀನು ಹಿಡಿಯುವುದನ್ನು 1897ರ ಇಂಡಿಯನ್ ಫಿಷರೀಸ್ ಶಾಸನವು ನಿಷೇಧಿಸಿತು. 1946ರ ಮಾರ್ಚಿಯಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿ ಹೊಳೆಯಲ್ಲಿ ಗಾಳದಿಂದ ಹಿಡಿದ ಮಹಶೀರ್ ಮೀನು 120 ಪೌಂಡು ತೂಗಿತು. ಗಾಳಗಾರರು ಇಂದಿಗೂ ಅದನ್ನು ಸ್ಮರಿಸುವರು. ಕಾವೇರಿಯ ಬಯಲಿಗೆ ಮಾತ್ರವೇ ಸೇರಿದ ಡುಬ್ಬದ ಮಹಶೀರಿನ ಜಾತಿಯನ್ನು 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು.

ಸ್ವತಂತ್ರ ಭಾರತದ 1972ರ ವನ್ಯಜೀವಿ ಸಂರಕ್ಷಣಾ ಶಾಸನದಲ್ಲಿ ಮೊದಲು ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಲೈಸೆನ್ಸುಗಳಿಗೆ ಅವಕಾಶವಿತ್ತು. 1991ರ ತಿದ್ದುಪಡಿಯಿಂದ ಅವು ರದ್ದಾದುವು. ಮನುಷ್ಯರ ಪ್ರಾಣಕ್ಕೆ ಅಪಾಯ ಒದಗಿದಾಗ ಮುಖ್ಯ ವನ್ಯಜೀವಿಪಾಲಕರು ಕೊಡುವ ಆಜ್ಞೆಯಂಥ ಕೆಲವು ಸಂದರ್ಭಗಳ ಹೊರತು ಈಗ ಬೇಟೆಯು ಅಪರಾಧ. ಕೆರೆಯನ್ನು ಗುತ್ತಿಗೆ ಹಿಡಿದೋ ಜಲಾಶಯದಲ್ಲಿ ಲೈಸೆನ್ಸು ಪಡೆದೋ ಮೀನು ಹಿಡಿಯುವ ನಮ್ಮ ಬೆಸ್ತರಿಗೆ ಅದು ವಿನೋದವಲ್ಲ, ಅನ್ನ. ಅವರ ವಿಚಾರವನ್ನು ದಕ್ಷಿಣ ಕೆರೊಲೈನಾದ ತಕ್ಕಡಿಯಲ್ಲಿಯೇ ತೂಗಬೇಕು.

ಕೋವಿಯ ಲೈಸೆನ್ಸು ನಮ್ಮ ಕಾಡಿನಿಂದ ಹೋದುದು ಒಳ್ಳೆಯದೇ ಆಯಿತು. ಆದರೆ ಲೈಸೆನ್ಸು ಹೋದ ಮಾತ್ರಕ್ಕೆ ಖರ್ಚು ಹೋಗಲಿಲ್ಲ. ಕಾವಲುಗಾರರ ಸಂಬಳವನ್ನೂ ಬೆಂಕಿಯ ಕಾವಲನ್ನೂ ಸರ್ಕಾರದ ಬೊಕ್ಕಸವು ಹೊರುವುದು. ಅದರಲ್ಲಿ ನಮ್ಮೆಲ್ಲರ ಪಾಲೂ ಉಂಟು. ಬೊಕ್ಕಸದ ಲೆಕ್ಕಕ್ಕೆ ಬಾರದೆ ಉಳಿಯುವ ಇನ್ನೊಂದು ಖರ್ಚನ್ನು ಬಂಡೀಪುರ, ನಾಗರಹೊಳೆಗಳ ಅಂಚಿನ ರೈತನು ಹೊರುತ್ತಿರುವನು. ಆನೆ ನುಗ್ಗಿ ತುಳಿದ ರಾಗಿಯ ಹೊಲವೂ, ಹುಲಿ ಹೊತ್ತೊಯ್ದ ದನವೂ, ಅಟ್ಟಣೆಯ ಮೇಲೆ ನಿದ್ದೆಗೆಟ್ಟು ಕಳೆದ ರಾತ್ರಿಗಳೂ ಅವನು ಯಾವ ಚೀಟಿಯನ್ನೂ ಪಡೆಯದೆ ತೆರುತ್ತಿರುವ ಶುಲ್ಕಗಳು. ಸರ್ಕಾರವು ಬೆಳೆಗೂ ದನಕ್ಕೂ ಪರಿಹಾರವನ್ನು ಕೊಡುವುದು ನಿಜ. ನಿದ್ದೆಗೂ ಭಯಕ್ಕೂ ಪರಿಹಾರದ ದರವನ್ನು ಇನ್ನೂ ಯಾರೂ ಗೊತ್ತುಮಾಡಿಲ್ಲ.

ರಜೆಯಲ್ಲಿ ಮಕ್ಕಳೊಡನೆ ಆನೆಯನ್ನು ನೋಡಲು ಹೋಗುವ ಗೃಹಸ್ಥರು ಟಿಕೆಟ್ಟಿನ ಬೆಲೆ ಹೆಚ್ಚಾಯಿತೆಂದು ಗೊಣಗುವ ಮೊದಲು ಈ ಲೆಕ್ಕವನ್ನು ಒಮ್ಮೆ ನೆನೆಯಬೇಕು. ಆ ಹಣದಲ್ಲಿ ಎಷ್ಟು ಪಾಲು ಕಾಡಿಗೆ, ಎಷ್ಟು ಪಾಲು ಕಾಡಂಚಿನ ಊರಿಗೆ ಸಲ್ಲುತ್ತಿದೆಯೆಂದು ಕೇಳುವ ಹಕ್ಕೂ ಅವರಿಗೆ ಉಂಟು. ಅಂಥ ಪ್ರಶ್ನೆಯನ್ನು ಕೇಳುವವರು ಹೆಚ್ಚಿದಷ್ಟೂ ಹಣವು ಸರಿಯಾದ ದಾರಿಯಲ್ಲಿ ಹರಿಯುವುದು. ಕಾಡಿನ ಆನೆಯು ನಮ್ಮೆಲ್ಲರ ಸೊತ್ತೆಂದು ಹೆಮ್ಮೆಪಡುವ ನಾವು, ಅದರ ಮೇವಿನ ಖರ್ಚನ್ನು ಕಾಡಂಚಿನ ಒಂದೆಕರೆ ಹೊಲದವನ ಮೇಲೆಯೇ ಹೊರಿಸಿ ಸುಮ್ಮನಿರುವುದು ತರವಲ್ಲ.